ಕೇಳದೆ ಒಯ್ದ ಚಿತ್ರ

“ಗುರುಗಳೇ, ಲೋಕವೆಲ್ಲ ನೋಡಲಿ ಎಂದು ಒಬ್ಬರು ಇಟ್ಟ ಫೋಟೋವನ್ನು ನಾನು ತೆಗೆದುಕೊಂಡು, ಕೆಳಗೆ ಅವರ ಹೆಸರನ್ನೂ ಬರೆದು ನಮ್ಮ ಪುಟದಲ್ಲಿ ಹಾಕಿದರೆ ಅದು ಹೇಗೆ ತಪ್ಪಾಗುತ್ತದೆ?”

ಕೇಳಿದವನು ಶಾಂತಲಿಂಗ. ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಜಾಲತಾಣದಲ್ಲಿ ಮಠದ ಪುಟವನ್ನು ನೋಡಿಕೊಳ್ಳುವ ಕೆಲಸ ಅವನದು. ದಿನಕ್ಕೊಂದು ಹಿತವಾದ ಮಾತು ಬರೆದು, ಅದಕ್ಕೊಪ್ಪುವ ಫೋಟೋವನ್ನು ಎಲ್ಲಿಂದಲಾದರೂ ಹುಡುಕಿ ತಂದು ಜೊತೆಗೆ ಹಾಕುತ್ತಿದ್ದ. ಆ ಬೆಳಿಗ್ಗೆ ಯಾರೋ ಒಬ್ಬರು, ‘ಇದು ನಾನು ತೆಗೆದ ಫೋಟೋ. ನನ್ನನ್ನು ಕೇಳಿಲ್ಲ. ದಯವಿಟ್ಟು ತೆಗೆಯಿರಿ’ ಎಂದು ಬರೆದಿದ್ದರು. ಒಳ್ಳೆಯ ಕೆಲಸಕ್ಕೂ ಹೀಗೆ ಅಡ್ಡ ಬರುತ್ತಾರಲ್ಲ ಎಂದು ಅವನ ಮನಸ್ಸು ಕಹಿಯಾಗಿತ್ತು.

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು. ಕೂತುಕೋ ಎಂದು ಕೈ ತೋರಿಸಿದರು. ಅವನು ಕೂತ ಮೇಲೆ ಹೇಳತೊಡಗಿದರು.

ಹಾವೇರಿ ಸೀಮೆಯ ಒಂದು ಪಟ್ಟಣದಲ್ಲಿ ವೃಷಭೇಂದ್ರಪ್ಪ ಎಂಬ ಔಷಧದ ವ್ಯಾಪಾರಿ ಇದ್ದ. ಬಸ್ ನಿಲ್ದಾಣದ ಎದುರಿಗೆ ಅವನ ಅಂಗಡಿ. ಸುತ್ತಲಿನ ಹಳ್ಳಿಯವರೆಲ್ಲ ಮಾತ್ರೆಗೆ ಅಲ್ಲಿಗೇ ಬರುತ್ತಿದ್ದರು. ವೈದ್ಯರ ಅಕ್ಷರ ಓದಲಾಗದೆ ಬೇರೆ ಅಂಗಡಿಯವರು ತಡವರಿಸಿದರೆ ಚೀಟಿಯನ್ನು ಇವನ ಹತ್ತಿರ ಕಳಿಸುತ್ತಿದ್ದರು. ಸುಳ್ಳು ಹೇಳುವ ಮನುಷ್ಯನಲ್ಲ. ಅವಧಿ ಮುಗಿದ ಒಂದು ಮಾತ್ರೆಯನ್ನೂ ಅವನು ಯಾರ ಕೈಗೂ ಕೊಟ್ಟವನಲ್ಲ.

ಅವನಿಗಿದ್ದದ್ದು ಒಂದೇ ಹುಚ್ಚು, ಇತಿಹಾಸದ್ದು. ಹಳೆಯ ಗುಡಿ, ಕೆರೆಯ ತೂಬು, ಹೊಲದ ಬದುವಿನಲ್ಲಿ ನಿಂತ ವೀರಗಲ್ಲು, ಇವನ್ನು ಕಂಡರೆ ಅವನ ಕಾಲು ಮುಂದೆ ಸಾಗುತ್ತಿರಲಿಲ್ಲ. ಆದರೆ ಅಂಗಡಿ ಬಿಟ್ಟು ತಿರುಗುವುದು ಆಗದ ಮಾತು. ಹಾಗಾಗಿ ಜಾಲತಾಣದಲ್ಲಿ ‘ನಮ್ಮ ಸೀಮೆಯ ಸಿರಿ’ ಎಂಬ ಪುಟವೊಂದನ್ನು ತೆರೆದ. ಬೇರೆಯವರು ಊರೂರು ತಿರುಗಿ ತೆಗೆದ ಫೋಟೋಗಳನ್ನು ಗಲ್ಲೆಯ ಮುಂದೆ ಕೂತೇ ಹುಡುಕಿ, ತನ್ನ ಪುಟದಲ್ಲಿ ಹಾಕಿ, ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದ. ಐದು ವರ್ಷಗಳಲ್ಲಿ ಆರುನೂರು ಫೋಟೋ ಕೂಡಿದವು. ಅರವತ್ತು ಸಾವಿರ ಜನ ಆ ಪುಟವನ್ನು ನೋಡುತ್ತಿದ್ದರು.

ಅವನು ಒಂದು ನಿಯಮ ಇಟ್ಟುಕೊಂಡಿದ್ದ. ಯಾರ ಫೋಟೋ ಹಾಕಿದರೂ ‘ಚಿತ್ರಕೃಪೆ’ ಎಂದು ಅವರ ಹೆಸರು ಬರೆಯುತ್ತಿದ್ದ. ಹೆಸರು ಸಿಗದಿದ್ದರೆ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಬರೆಯುತ್ತಿದ್ದ. ಹೆಸರನ್ನೇ ನುಂಗಿಹಾಕುವ ಪುಟಗಳು ಬೇಕಾದಷ್ಟಿದ್ದವು. ಅವುಗಳಿಗೆ ಹೋಲಿಸಿದರೆ ತಾನು ಪ್ರಾಮಾಣಿಕ ಎಂಬ ಸಮಾಧಾನ ಅವನಿಗಿತ್ತು.

ಒಂದು ಮಾಗಿಯ ದಿನ ಅವನ ಕಣ್ಣಿಗೆ ಒಂದು ವೀರಗಲ್ಲಿನ ಫೋಟೋ ಬಿತ್ತು. ದನಗಳನ್ನು ಉಳಿಸಲು ಕಾದಾಡಿ ಸತ್ತ ಒಬ್ಬನ ನೆನಪಿಗೆ ಎಂಟುನೂರು ವರ್ಷಗಳ ಹಿಂದೆ ನಿಲ್ಲಿಸಿದ ಕಲ್ಲು. ಅಂಥ ಕಲ್ಲುಗಳು ಆ ಸೀಮೆಯಲ್ಲಿ ಎಷ್ಟೋ ಇವೆ. ಆದರೆ ಇದರಲ್ಲಿ ಬಿದ್ದ ವೀರನ ಅಂಗಾಲನ್ನು ಒಂದು ಕರು ನೆಕ್ಕುತ್ತಿತ್ತು. ಹಾಗೆ ಕೆತ್ತಿದ್ದನ್ನು ವೃಷಭೇಂದ್ರಪ್ಪ ಎಲ್ಲೂ ಕಂಡಿರಲಿಲ್ಲ. ಬೆಳಗಿನ ಓರೆ ಬಿಸಿಲಿಗೆ ಕರುವಿನ ನಾಲಿಗೆಯೂ ಎದ್ದು ಕಾಣುತ್ತಿತ್ತು. ಸವೆದ ಅಕ್ಷರಗಳು ಓದಲು ಬರುವಂತಿದ್ದವು.

ಆ ಫೋಟೋ ತೆಗೆದವಳು ಅನುಸೂಯಾ ಬಡಿಗೇರ. ಪಕ್ಕದ ತಾಲ್ಲೂಕಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಟೀಚರು. ರಜೆಯ ದಿನ ಸ್ಕೂಟರಿನ ಮೇಲೆ ಹಳ್ಳಿಗಳನ್ನು ಸುತ್ತಿ ವೀರಗಲ್ಲುಗಳ ಫೋಟೋ ತೆಗೆಯುತ್ತಿದ್ದಳು. ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಸುಣ್ಣ ಬಳಿಯುತ್ತಿರಲಿಲ್ಲ, ಹಿಟ್ಟು ತಿಕ್ಕುತ್ತಿರಲಿಲ್ಲ. ಬಿಸಿಲು ಪಕ್ಕದಿಂದ ಬೀಳುವ ಗಳಿಗೆಗಾಗಿ ಕಾಯುತ್ತಿದ್ದಳು. ಈ ಒಂದು ಫೋಟೋಕ್ಕೆ ಅವಳು ಐದು ಸಲ ಹೋಗಿ ಬಂದಿದ್ದಳು. ಅವಳ ಪುಟ ನೋಡುವವರು ಇನ್ನೂರು ಜನವೂ ಇರಲಿಲ್ಲ. ಹಳೆಯ ಲಿಪಿ ಓದಬಲ್ಲ ಕೆಲವರು ಅಲ್ಲಿ ಸೇರಿ, ಈ ಸಾಲು ಹೀಗಿರಬೇಕು, ಈ ಅಕ್ಷರ ಅದಲ್ಲ ಎಂದು ಚರ್ಚಿಸುತ್ತಿದ್ದರು. ಫೋಟೋದ ಕೆಳಭಾಗದಲ್ಲಿ ಅವಳ ಹೆಸರಿತ್ತು. ಅದರ ಪಕ್ಕ ಸಣ್ಣ ಅಕ್ಷರದಲ್ಲಿ, ‘ಬೇರೆ ಕಡೆ ಬಳಸುವ ಮುನ್ನ ನನ್ನನ್ನು ಕೇಳಿ’ ಎಂದಿತ್ತು. ಕಲ್ಲು ಇರುವ ಊರಿನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ವೃಷಭೇಂದ್ರಪ್ಪ ಆ ಸಾಲನ್ನು ಓದಿದ. ಓದಲಿಲ್ಲ ಎಂದು ಅವನು ಮುಂದೆಯೂ ಎಂದೂ ಹೇಳಲಿಲ್ಲ. ಕೇಳೋಣವೆಂದು ಮೊಬೈಲಿನಲ್ಲಿ ‘ನಮಸ್ಕಾರ ಮೇಡಂ’ ಎಂದು ಟೈಪು ಮಾಡಿದ. ಅಷ್ಟರಲ್ಲಿ ಗಿರಾಕಿ ಬಂದರು. ಅವರನ್ನು ಕಳಿಸಿ ಮತ್ತೆ ಮೊಬೈಲು ಹಿಡಿದಾಗ ಅವನಿಗೆ ಬೇರೆಯೇ ಅನ್ನಿಸಿತು. ಕೇಳಿದರೆ ಇವರೇನು ಬೇಡ ಅನ್ನುತ್ತಾರೆಯೇ? ಇನ್ನೂರು ಜನ ನೋಡುವುದನ್ನು ಅರವತ್ತು ಸಾವಿರ ಜನ ನೋಡುತ್ತಾರೆ. ಸಂತೋಷವೇ ಪಡುತ್ತಾರೆ. ಹಾಗೆಂದುಕೊಂಡು ಟೈಪು ಮಾಡಿದ್ದನ್ನು ಅಳಿಸಿದ.

ಅವನ ಪುಟದ ಚೌಕಟ್ಟು ಚಿಕ್ಕದು, ಕಲ್ಲು ಎತ್ತರದ್ದು. ಹೊಂದಿಸಲು ಫೋಟೋದ ಕೆಳಗಿನ ಅಂಚನ್ನು ಕತ್ತರಿಸಿದ. ಅಂಚಿನ ಜೊತೆಗೆ ಅವಳ ಹೆಸರೂ ಆ ಸಾಲೂ ಹೋದವು. ಮೂಲೆಯಲ್ಲಿ ಎಂದಿನಂತೆ ತನ್ನ ಪುಟದ ಮುದ್ರೆ ಒತ್ತಿದ. ಕಲ್ಲಿನ ಹಿಂದೆ ಜೋಡಿ ನೆತ್ತಿಯ ಒಂದು ಗುಡ್ಡ ಕಾಣುತ್ತಿತ್ತು. ಹಿಂದೊಮ್ಮೆ ಮದುವೆಗೆಂದು ಕೆಂಗಟ್ಟಿ ಎಂಬ ಹಳ್ಳಿಗೆ ಹೋದಾಗ ಆ ಗುಡ್ಡವನ್ನು ಅವನು ನೋಡಿದ್ದ. ಪಾಪ, ಊರಿನ ಹೆಸರು ಬರೆಯುವುದನ್ನು ಮರೆತಿದ್ದಾರೆ ಎಂದುಕೊಂಡು ತಾನೇ ಬರೆದ. ಕೆಂಗಟ್ಟಿ ಗ್ರಾಮ, ಗುಡ್ಡದ ಬುಡದ ಹೊಲ. ಕೊನೆಯಲ್ಲಿ ನಿಯಮದಂತೆ, ‘ಚಿತ್ರಕೃಪೆ: ಅನುಸೂಯಾ ಬಡಿಗೇರ’.

ಫೋಟೋ ಹಬ್ಬಿತು. ಅವನ ಪುಟದಲ್ಲಿ ಅಲ್ಲಿಯವರೆಗೆ ಯಾವುದೂ ಹಾಗೆ ಹಬ್ಬಿರಲಿಲ್ಲ. ಕರುವನ್ನು ನೋಡಿ ಕಣ್ಣು ತುಂಬಿತು ಎಂದು ಜನ ಬರೆದರು. ಎರಡು ದಿನದಲ್ಲಿ ಲಕ್ಷ ಜನ ನೋಡಿದರು. ಮಾತ್ರೆ ಕೊಳ್ಳಲು ಬಂದವರೂ ಅದರ ಮಾತೆತ್ತಿದರು. ವೃಷಭೇಂದ್ರಪ್ಪನಿಗೆ ಕಲ್ಲನ್ನು ತಾನೇ ಕಂಡುಹಿಡಿದಷ್ಟು ಹಿಗ್ಗಾಯಿತು.

ಮೂರನೆಯ ದಿನ ಅನುಸೂಯಾ ಅವನಿಗೆ ಬರೆದಳು. ‘ನಮಸ್ಕಾರ. ನನ್ನ ಫೋಟೋವನ್ನು ನನ್ನನ್ನು ಕೇಳದೆ ಹಾಕಿದ್ದೀರಿ. ದಯವಿಟ್ಟು ತೆಗೆಯಿರಿ. ಊರಿನ ಹೆಸರನ್ನಂತೂ ಈಗಲೇ ತೆಗೆಯಿರಿ.’

ವೃಷಭೇಂದ್ರಪ್ಪನಿಗೆ ನೋವಾಯಿತು. ಕೃತಜ್ಞತೆಯ ಮಾತು ಬರುತ್ತದೆಂದು ಅವನು ಕಾದಿದ್ದ. ಉತ್ತರ ಬರೆದ. ‘ನಿಮ್ಮ ಹೆಸರು ಹಾಕಿದ್ದೇನಲ್ಲ ಮೇಡಂ. ಅದೂ ಅಲ್ಲದೆ ಕಲ್ಲು ನಾಡಿನದು. ನಿಮ್ಮ ಪುಟದಲ್ಲಿ ಯಾರು ಬೇಕಾದರೂ ನೋಡುವಂತೆ ನೀವೇ ಇಟ್ಟಿದ್ದೀರಿ.’

ಅವಳು ಬರೆದಳು. ‘ಕಲ್ಲು ನಾಡಿನದು. ಫೋಟೋ ನನ್ನದು. ನೋಡಲಿ ಎಂದು ಇಟ್ಟಿದ್ದೇನೆ, ಒಯ್ಯಲಿ ಎಂದು ಅಲ್ಲ.’

ಇದು ಅವನಿಗೆ ಗರ್ವದ ಮಾತಾಗಿ ಕೇಳಿಸಿತು. ತನ್ನ ಪುಟಕ್ಕಿಂತ ನನ್ನ ಪುಟವನ್ನು ಹೆಚ್ಚು ಜನ ನೋಡುತ್ತಾರೆಂದು ಇವರಿಗೆ ಹೊಟ್ಟೆಕಿಚ್ಚು ಎಂದುಕೊಂಡ. ಅವಳು ಮತ್ತೊಮ್ಮೆ ಬರೆದಾಗ ಅದನ್ನು ತೆರೆಯಲೇ ಇಲ್ಲ. ವಾರ ಕಳೆಯಲಿ, ಸಿಟ್ಟಿಳಿದ ಮೇಲೆ ಅವರೇ ಸುಮ್ಮನಾಗುತ್ತಾರೆ ಎಂದು ಬಿಟ್ಟುಬಿಟ್ಟ.

ಹತ್ತನೆಯ ದಿನ ಮಧ್ಯಾಹ್ನ ಒಬ್ಬ ಗಿರಾಕಿ ಬಂದ. ಫಕ್ಕೀರೇಶ ಎಂದು ಹೆಸರು. ತಾಯಿಯ ರಕ್ತದೊತ್ತಡದ ಮಾತ್ರೆಗೆ ತಿಂಗಳಿಗೊಮ್ಮೆ ಬರುವವನು. ಯಾವ ಊರೆಂದು ವೃಷಭೇಂದ್ರಪ್ಪ ಎಂದೂ ಕೇಳಿರಲಿಲ್ಲ. ಈ ಸಲ ತಿಂಗಳು ತುಂಬುವ ಮೊದಲೇ ಬಂದಿದ್ದ.

“ಈ ಸಲ ಇಷ್ಟ ಲಗೂನ?” ಎಂದು ವೃಷಭೇಂದ್ರಪ್ಪ ಕೇಳಿದ.

“ಅವ್ವಂದು ಬಿಪಿ ಏರೇತ್ರಿ. ಡಾಕ್ಟರು ಮಾತ್ರಿ ಬದಲಿ ಮಾಡ್ಯಾರ. ನಮ್ಮ ಹೊಲದಾಗಿನ ವೀರಗಲ್ಲ ಕೆಡವಿ ಹಾಕ್ಯಾರ್ರಿ. ಮುಂಜಾನೆ ಹೋಗಿ ನೋಡಿದ್ರ ಕಲ್ಲು ಎರಡು ತುಂಡು. ಬುಡದಾಗ ಆಳುದ್ದ ಗುಂಡಿ. ಅದರ ಕೆಳಗ ನಿಧಿ ಐತಂತ ಯಾರೋ ಮೊಬೈಲಿನ್ಯಾಗ ಬರದಾರಂತ. ವಾರದಿಂದ ಬರೇ ಬೈಕು. ಬೆಳಿ ತುಳಕೊಂತ ಬರೋರು, ಫೋಟೋ ಹೊಡಕೊಳ್ಳೋರು, ಹೋಗೋರು. ಅವ್ವ ಕಲ್ಲಿನ ಮುಂದ ಕುಂತು ಎದ್ದ ಬರವಲ್ಲಳು.”

ಅವನು ತನ್ನ ಮೊಬೈಲು ತೆಗೆದು ತೋರಿಸಿದ. ನಿಧಿಯ ಕತೆ ಬರೆಯುವ ಯಾವುದೋ ಪುಟ. ಅದರಲ್ಲಿ ಅದೇ ಫೋಟೋ. ಅನುಸೂಯಾ ಬಡಿಗೇರ ಎಂಬ ಹೆಸರು ಎಲ್ಲೂ ಇರಲಿಲ್ಲ. ಮೂಲೆಯಲ್ಲಿ ‘ನಮ್ಮ ಸೀಮೆಯ ಸಿರಿ’ ಎಂಬ ಮುದ್ರೆ ಸ್ಪಷ್ಟವಾಗಿತ್ತು.

“ಇವನ್ಯಾವನೋ ಸಿರಿಯವ, ಇವನ ಮೊದಲ ಹಾಕಿದ್ದಂತ್ರಿ. ಕೈಗೆ ಸಿಗಬೇಕು ನನಗ,” ಎಂದು ಫಕ್ಕೀರೇಶ ಹೇಳಿದ.

ಆ ಪುಟದ ಒಡೆಯ ತನ್ನ ಎದುರಿಗೇ ನಿಂತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ವೃಷಭೇಂದ್ರಪ್ಪ ಚೀಟಿಯನ್ನು ಎರಡು ಸಲ ಓದಿದ. ಮಾತ್ರೆ ತೆಗೆದುಕೊಟ್ಟ. ಬೆಳಿಗ್ಗೆ ಒಂದು, ಊಟವಾದ ಮೇಲೆ ಎಂದು ಹೇಳಿದ. ಫಕ್ಕೀರೇಶ ಬಸ್ಸು ಹತ್ತಿದ ಮೇಲೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಗೆ ಕೂತ.

ಮೊದಲು ತನ್ನ ಪುಟದಿಂದ ಫೋಟೋವನ್ನು ಅಳಿಸಿದ. ಆಮೇಲೆ ಹುಡುಕಿದ. ಅದು ಹದಿನೇಳು ಪುಟಗಳಲ್ಲಿತ್ತು. ಸಂಜೆಯ ಹೊತ್ತಿಗೆ ಇಪ್ಪತ್ತಾರು ಸಿಕ್ಕವು. ಒಂದೊಂದಕ್ಕೂ ಕೂತು ಬರೆದ, ದಯವಿಟ್ಟು ಇದನ್ನು ತೆಗೆಯಿರಿ, ಇದರಿಂದ ಕೇಡಾಗಿದೆ ಎಂದು. ಹೆಚ್ಚಿನವರು ಉತ್ತರಿಸಲಿಲ್ಲ. ಒಬ್ಬ ಕೂಡಲೇ ಉತ್ತರಿಸಿದ.

‘ನಿಮ್ಮ ಪುಟದ ಹೆಸರು ಹಾಕಿದ್ದೇವಲ್ಲ ಸರ್.’

ವೃಷಭೇಂದ್ರಪ್ಪ ಆ ಸಾಲನ್ನು ನೋಡುತ್ತ ಕೂತ. ಅವನು ಸಿಟ್ಟಾಗಬೇಕೆಂದರೂ ಸಿಟ್ಟು ಬರಲಿಲ್ಲ.

ಜಾಲತಾಣದವರಿಗೇ ದೂರು ಕೊಡಬಹುದೆಂದು ತಿಳಿದು ದೂರಿನ ನಮೂನೆಯನ್ನು ತೆರೆದ. ಅದರ ಮೊದಲ ಪ್ರಶ್ನೆ ಹೀಗಿತ್ತು: ‘ಈ ಫೋಟೋದ ಹಕ್ಕು ನಿಮ್ಮದೇ? ಅಥವಾ ಹಕ್ಕುದಾರರು ನಿಮಗೆ ಅಧಿಕಾರ ಕೊಟ್ಟಿದ್ದಾರೆಯೇ?’ ಹೌದು ಎಂದು ಒತ್ತಿದರೆ ಮುಂದಕ್ಕೆ ಹೋಗುತ್ತಿತ್ತು. ಒಂದು ಗಳಿಗೆ ಅವನ ಬೆರಳು ಅಲ್ಲೇ ನಿಂತಿತು. ಒತ್ತಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೆಲಸವೂ ಬೇಗ ಆಗುತ್ತಿತ್ತು. ಆದರೆ ಒತ್ತಲು ಅವನಿಗೆ ಮನಸ್ಸಾಗಲಿಲ್ಲ.

ನಮೂನೆಯ ಕೆಳಗೆ ನಿಯಮಗಳಿದ್ದವು. ಐದು ವರ್ಷದಲ್ಲಿ ಮೊದಲ ಸಲ ಅವನು ಅವನ್ನು ಓದಿದ. ಫೋಟೋದ ಹಕ್ಕು ಸಾಮಾನ್ಯವಾಗಿ ಅದನ್ನು ತೆಗೆದವರದು. ತೆಗೆದ ಕ್ಷಣದಿಂದಲೇ ಅದು ಅವರದು, ಎಲ್ಲಿಯೂ ದಾಖಲು ಮಾಡಿಸಬೇಕಾಗಿಲ್ಲ. ಎಲ್ಲರಿಗೂ ಕಾಣುವಂತೆ ಇಟ್ಟರೆಂದ ಮಾತ್ರಕ್ಕೆ ಯಾರು ಬೇಕಾದರೂ ಬಳಸಬಹುದು ಎಂದಾಗುವುದಿಲ್ಲ. ಹೆಸರು ಬರೆಯುವುದು ಬೇರೆ, ಅನುಮತಿ ಪಡೆಯುವುದು ಬೇರೆ. ಅನುಮತಿ ಕೊಟ್ಟವರು ಹೀಗೆ ಬಳಸಿ, ಹೀಗೆ ಬೇಡ ಎಂದು ಹೇಳಬಹುದು. ಎಲ್ಲವೂ ಸರಳವಾದ ಕನ್ನಡದಲ್ಲಿತ್ತು. ವೈದ್ಯರ ಚೀಟಿಗಿಂತ ಸುಲಭವಾಗಿ ಓದಬಹುದಿತ್ತು.

ಮರುದಿನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅವನು ಬಸ್ಸು ಹಿಡಿದ. ಅನುಸೂಯಾಳ ಹೈಸ್ಕೂಲಿಗೆ ಹೋದ. ಚಿತ್ರಕಲೆಯ ತರಗತಿ ಮುಗಿಯುವವರೆಗೆ ಕಟ್ಟೆಯ ಮೇಲೆ ಕಾದು ಕೂತ. ಅವಳು ಹೊರಗೆ ಬಂದಾಗ ಎದ್ದು ನಿಂತು ತನ್ನ ಹೆಸರು ಹೇಳಿದ. ಪುಟದ ಹೆಸರನ್ನೂ ಹೇಳಿದ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ಎರಡು ವರ್ಷ ಆ ಹೊಲದ ಬದುವಿನ ಮ್ಯಾಲ ನಿಂತು ಮಾತಾಡಿಸಿ ವಾಪಸ್ ಬಂದೀನ್ರಿ,” ಎಂದಳು. “ಹೊನ್ನವ್ವ ಅಂತ, ಅಲ್ಲಿಯ ಆಯಿ. ಆಕಿ ಒಳಗ ಬಿಡಲಿಲ್ಲ. ಬಾಜೂಕಿನ ಊರಾಗ ಇಂಥಾದ್ದ ಒಂದು ಕಲ್ಲನ್ನ ನಿಧಿ ಆಸೆಗೆ ಅಗದು ಒಗದಿದ್ರು. ಊರಿನ ಹೆಸರು ಎಲ್ಲೂ ಹೇಳೂದಿಲ್ಲಂತ ಆಕಿ ಕೈ ಮುಟ್ಟಿ ಮಾತು ಕೊಟ್ಟೆ. ಆಮ್ಯಾಲ ಒಪ್ಪಿದಳು. ನೀವು ಒಂದ ಮಾತು ಕೇಳಿದ್ರ ಇಷ್ಟೂ ನಿಮಗ ಹೇಳ್ತಿದ್ದೆ.”

“ಕಾರಣ ಬರೆದಿದ್ರ ನಾನು ತಗೀತಿದ್ದೆ, ಮೇಡಂ,” ಎಂದು ವೃಷಭೇಂದ್ರಪ್ಪ ಹೇಳಿದ.

“ಬರದಿದ್ದೆ. ನೀವು ತಗದು ನೋಡಲಿಲ್ಲ.”

ಅವನು ಮೊಬೈಲು ತೆಗೆದ. ಅವಳ ಮೂರನೆಯ ಸಂದೇಶ ಹಾಗೆಯೇ ಇತ್ತು. ಅವಳ ಎದುರಿಗೇ ನಿಂತು ಓದಿದ. ಹೊನ್ನವ್ವನ ಹೆಸರು, ಕೊಟ್ಟ ಮಾತು, ನಿಧಿಗಳ್ಳರ ಭಯ, ಎಲ್ಲವೂ ಅದರಲ್ಲಿತ್ತು. ಬರೆದ ದಿನ, ಕಲ್ಲು ಬೀಳುವ ಐದು ದಿನ ಮೊದಲು. ಓದಿ ಮುಗಿದ ಮೇಲೂ ಅವನು ತಲೆ ಎತ್ತಲಿಲ್ಲ.

“ಈಗ ನಾನೇನು ಮಾಡಲಿ?” ಎಂದು ಕೇಳಿದ.

“ಎಲ್ಲೆಲ್ಲಿ ಐತಿ ಅಂತ ಪಟ್ಟಿ ಮಾಡಿ ಕೊಡ್ರಿ. ದೂರು ನಾನ ಕೊಡಬೇಕು. ಫೋಟೋ ನಂದು.”

ವೃಷಭೇಂದ್ರಪ್ಪ ಹದಿನೈದು ದಿನ ಅದೇ ಕೆಲಸ ಮಾಡಿದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹುಡುಕಿದ. ಒಟ್ಟು ನಲವತ್ಮೂರು ಕಡೆ ಸಿಕ್ಕಿತು. ಒಂದೊಂದರ ವಿಳಾಸವನ್ನೂ ಬರೆದು ಅನುಸೂಯಾಳಿಗೆ ಕಳಿಸಿದ. ಅವಳು ಶಾಲೆ ಬಿಟ್ಟ ಮೇಲೆ ಒಂದೊಂದಕ್ಕೂ ದೂರು ಬರೆದಳು. ತಾನು ತೆಗೆದ ಮೂಲ ಫೋಟೋವನ್ನು ಪುರಾವೆಗೆ ಇಟ್ಟಳು. ಮೂವತ್ತೆಂಟು ಕಡೆ ಫೋಟೋ ಇಳಿಯಿತು. ಮೂವರು ಕ್ಷಮೆ ಕೇಳಿ ತಾವೇ ತೆಗೆದರು. ಎರಡು ಕಡೆ ಏನು ಮಾಡಿದರೂ ಇಳಿಯಲಿಲ್ಲ. ಜನರ ಮೊಬೈಲಿನೊಳಗೆ ಹೋಗಿ ಕೂತದ್ದಕ್ಕಂತೂ ಲೆಕ್ಕವಿರಲಿಲ್ಲ.

ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅನುಸೂಯಾ ಕೆಂಗಟ್ಟಿಗೆ ಹೊರಟಳು. ತಾನೂ ಬರುತ್ತೇನೆಂದು ವೃಷಭೇಂದ್ರಪ್ಪ ಹೇಳಿದ. ಅವಳು ಬೇಡವೆನ್ನಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

ಹೊನ್ನವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಅನುಸೂಯಾಳನ್ನು ಕಂಡು ಕೈ ನಿಲ್ಲಿಸಿದಳು.

“ಇನ್ನ ಮ್ಯಾಲ ಬರಬ್ಯಾಡವ್ವಾ,” ಎಂದಳು. “ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಬರಬ್ಯಾಡ. ಮಾತು ಕೊಟ್ಟಿದ್ದಿಯಲ್ಲ ನೀನು.”

ಹೊನ್ನವ್ವನ ಮಗ ಫಕ್ಕೀರೇಶ ಬಾಗಿಲಲ್ಲಿ ಬಂದು ನಿಂತ. ಔಷಧದ ಅಂಗಡಿಯವನು ಇಲ್ಲಿಗೇಕೆ ಬಂದನೆಂದು ಅವನಿಗೆ ಅರ್ಥವಾಗಲಿಲ್ಲ. ವೃಷಭೇಂದ್ರಪ್ಪ ಮುಂದೆ ಬಂದ.

“ಅವ್ವಾ, ಇವರು ಮಾತು ತಪ್ಪಿಲ್ಲ. ಇವರು ಯಾರಿಗೂ ಊರ ಹೆಸರು ಹೇಳಿಲ್ಲ. ಇವರ ಫೋಟೋನ ನಾನು ಕೇಳದ ಒಯ್ದೆ. ಊರಿನ ಹೆಸರು ಬರದವನೂ ನಾನ. ಫಕ್ಕೀರೇಶಪ್ಪಾ, ಆ ಸಿರಿಯವ ನಾನ.”

ಫಕ್ಕೀರೇಶ ಎರಡು ಹೆಜ್ಜೆ ಇಟ್ಟ. ಹೊನ್ನವ್ವ ಕೈ ಎತ್ತಿ ಮಗನನ್ನು ತಡೆದಳು. ವೃಷಭೇಂದ್ರಪ್ಪನನ್ನು ಬಹಳ ಹೊತ್ತು ನೋಡಿದಳು. ತನ್ನ ಮಾತ್ರೆ ಬರುವುದು ಈ ಮನುಷ್ಯನ ಕೈಯಿಂದ ಎಂದು ಅವಳಿಗೂ ಗೊತ್ತಿತ್ತು.

“ಕೇಳಿದ್ರ ಈಕಿ ಏನ್ ಅಂತಿದ್ಲು?” ಎಂದು ಕೇಳಿದಳು.

“ಬ್ಯಾಡ ಅಂತಿದ್ರು ಅವ್ವಾ.”

“ಅದಕ್ಕ ಕೇಳಲಿಲ್ಲೇನು?”

ಹಾಗಲ್ಲ ಎಂದು ಹೇಳಲು ವೃಷಭೇಂದ್ರಪ್ಪ ಬಾಯಿ ತೆರೆದ. ಬೇಡ ಅನ್ನುವುದಿಲ್ಲ ಎಂದುಕೊಂಡೇ ಕೇಳಲಿಲ್ಲ ಎಂದು ಹೇಳಬೇಕೆಂದಿದ್ದ. ಆದರೆ ಅಳಿಸಿದ ಆ ನಮಸ್ಕಾರ ನೆನಪಾಯಿತು. ಬೇಡ ಅನ್ನುವುದಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದ್ದಿದ್ದರೆ ಅದನ್ನು ಅಳಿಸುವ ಅಗತ್ಯವೇ ಇರಲಿಲ್ಲ. ಅವನು ಬಾಯಿ ಮುಚ್ಚಿದ. ಹೊನ್ನವ್ವ ಮತ್ತೆ ಮೊರ ಎತ್ತಿಕೊಂಡಳು. ಕೂತುಕೊಳ್ಳಿ ಎಂದು ಅವಳು ಹೇಳಲಿಲ್ಲ.

ಮುಂದೆ ಊರವರೇ ಸೇರಿ ಕಲ್ಲಿನ ಎರಡು ತುಂಡುಗಳನ್ನು ಎತ್ತಿ ನಿಲ್ಲಿಸಿ ಜೋಡಿಸಿದರು. ಕೆಳಗಿನ ಹಂತದ ಒಂದು ಚೂರು ಸಿಗಲಿಲ್ಲ. ಕರು ಇದ್ದದ್ದು ಆ ಚೂರಿನಲ್ಲಿ. ಅಲ್ಲಿದ್ದ ಒಂದೂವರೆ ಸಾಲು ಬರಹವೂ ಅದರ ಜೊತೆ ಹೋಯಿತು. ಈಗ ಅದನ್ನು ಓದಬೇಕೆಂದರೆ ಅನುಸೂಯಾಳ ಫೋಟೋ ಒಂದೇ ದಾರಿ. ಲಿಪಿ ಬಲ್ಲ ಒಬ್ಬ ವಿದ್ವಾಂಸರು ತಮ್ಮ ಪುಸ್ತಕಕ್ಕೆ ಅದನ್ನು ಕೇಳಿ ಬರೆದರು. ಅವಳು ಹೊನ್ನವ್ವನ ಒಪ್ಪಿಗೆ ಕೇಳಿದಳು. ತಾನು ಹೋಗುವಂತಿರಲಿಲ್ಲವಲ್ಲ, ಆ ಊರಿನ ಒಬ್ಬ ವಿದ್ಯಾರ್ಥಿನಿಯ ತಂದೆಯ ಕೈಲಿ ಹೇಳಿ ಕಳಿಸಿದಳು. ಉತ್ತರ ಬರಲು ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ವಿದ್ವಾಂಸರು ಕಾದರು. ಹೊನ್ನವ್ವ ಹೂಂ ಎಂದ ಮೇಲೆ ಪುಸ್ತಕ ಅಚ್ಚಿಗೆ ಹೋಯಿತು.

ಸುದ್ದಿ ಬೇರೆ ಹಳ್ಳಿಗಳಿಗೂ ಮುಟ್ಟಿತ್ತು. ಟೀಚರು ಫೋಟೋ ತೆಗೆದರೆ ಹಿಂದೆಯೇ ಕಳ್ಳರು ಬರುತ್ತಾರೆ ಎಂದು ಜನ ಮಾತಾಡಿಕೊಂಡರು. ಇನ್ನೂ ನೋಡಬೇಕಾದ ಕಲ್ಲುಗಳ ಪಟ್ಟಿ ಅವಳ ಬಳಿ ಇತ್ತು. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಹೊಲಗಳ ಬಾಗಿಲು ಮುಚ್ಚಿತು. ಒಬ್ಬೊಬ್ಬರನ್ನಾಗಿ ಮತ್ತೆ ಒಪ್ಪಿಸಲು ಅವಳಿಗೆ ವರ್ಷಗಳು ಬೇಕಾದವು. ಕೆಲವರು ಒಪ್ಪಲೇ ಇಲ್ಲ. ಆ ಕಲ್ಲುಗಳಲ್ಲಿ ಎಷ್ಟು ಈಗಲೂ ನಿಂತಿವೆಯೋ, ಎಷ್ಟರ ಅಕ್ಷರ ಸವೆದು ಹೋಗಿದೆಯೋ, ನೋಡಿದವರಿಲ್ಲ.

ಫಕ್ಕೀರೇಶ ಎರಡು ತಿಂಗಳು ಬೇರೆ ಅಂಗಡಿಯಲ್ಲಿ ಮಾತ್ರೆ ಕೊಂಡ. ಮೂರನೆಯ ತಿಂಗಳು ಅಲ್ಲಿಯವರು ಚೀಟಿ ಓದಲಾಗದೆ ಅವನನ್ನು ಇಲ್ಲಿಗೇ ಕಳಿಸಿದರು. ಅವನು ಬಂದು ಮಾತಿಲ್ಲದೆ ಚೀಟಿ ಮುಂದಿಟ್ಟ. ವೃಷಭೇಂದ್ರಪ್ಪ ಮಾತಿಲ್ಲದೆ ಮಾತ್ರೆ ಕೊಟ್ಟ. ಅಂದಿನಿಂದ ಹಾಗೆಯೇ ನಡೆದುಬಂತು.

ವೃಷಭೇಂದ್ರಪ್ಪ ತನ್ನ ಪುಟವನ್ನು ಮುಚ್ಚಲಿಲ್ಲ. ಮುಚ್ಚಿದರೆ ತಾನು ನುಣುಚಿಕೊಂಡಂತೆ ಆಗುತ್ತದೆ ಎಂದು ಅವನಿಗೆ ಅನ್ನಿಸಿತು. ಆರುನೂರು ಫೋಟೋಗಳನ್ನೂ ಮೊದಲು ಇಳಿಸಿದ. ಆಮೇಲೆ ಒಂದೊಂದರ ಒಡೆಯರನ್ನು ಹುಡುಕಿ ಬರೆಯತೊಡಗಿದ. ‘ನಿಮ್ಮ ಫೋಟೋವನ್ನು ಕೇಳದೆ ಬಳಸಿದ್ದೆ, ಈಗ ತೆಗೆದಿದ್ದೇನೆ. ಮತ್ತೆ ಹಾಕಲು ಒಪ್ಪಿಗೆ ಇದೆಯೇ?’ ಸುಮಾರು ಇನ್ನೂರು ಜನ ಒಪ್ಪಿದರು. ಅವರಲ್ಲಿ ಒಬ್ಬರು, ನೀವು ಹಾಕಿದ್ದು ಮಸುಕಾಗಿತ್ತು ಎಂದು ಅದಕ್ಕಿಂತ ಒಳ್ಳೆಯದನ್ನು ಕಳಿಸಿದರು. ಕತ್ತರಿಸಬೇಡಿ ಎಂದು ಕೆಲವರು ಬರೆದರು. ಮುದ್ರೆ ಒತ್ತಬೇಡಿ ಎಂದರು ಇನ್ನು ಕೆಲವರು. ಬೇಡ ಎಂದವರು ಹನ್ನೆರಡು ಜನ. ಅವರಲ್ಲಿ ಕಾರಣ ಹೇಳಿದವರು ಇಬ್ಬರೇ. 

ಉಳಿದವರಿಂದ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಒಪ್ಪಿದಂತೆಯೇ ಅಲ್ಲವೇ ಎಂದು ಅವನ ಹೆಂಡತಿ ಕೇಳಿದಳು. ಅಲ್ಲ ಎಂದು ಅವನು ಹೇಳಿದ. ‘ಅಂತರ್ಜಾಲ’ ಎಂದು ತಾನು ಹೆಸರು ಬರೆದಿದ್ದವುಗಳಿಗೆ ಯಾರನ್ನು ಕೇಳಬೇಕೆಂದೇ ತಿಳಿಯಲಿಲ್ಲ. ಅವೂ ಮತ್ತೆ ಮೇಲೇರಲಿಲ್ಲ. ಪುಟ ಬಡವಾಯಿತು. ದಿನಕ್ಕೊಂದು ಬರುತ್ತಿದ್ದ ಫೋಟೋ ವಾರಕ್ಕೊಂದಾಯಿತು. ಜನ ಬೇಸರಪಟ್ಟು ದೂರಾದರು. ಅರವತ್ತು ಸಾವಿರದಲ್ಲಿ ಉಳಿದವರು ಹದಿನೆಂಟು ಸಾವಿರ. ಆ ಸಂಖ್ಯೆ ಇಳಿಯುವುದನ್ನು ನೋಡಿ ಅವನಿಗೆ ಸಂಕಟವಾಗುತ್ತಿತ್ತು. ಆಗುತ್ತಿರಲಿಲ್ಲ ಎಂದು ಅವನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಾಂತಲಿಂಗನ ಮುಖ ಹಗುರವಾಯಿತು.

“ಅರ್ಥವಾಯಿತು ಗುರುಗಳೇ. ಆದರೆ ಅದು ಬೇರೆ. ಅಲ್ಲಿ ಒಂದು ಗುಟ್ಟಿತ್ತು, ಕಲ್ಲು ಒಡೆಯಿತು. ನಾನು ಹಾಕುವುದು ಹೂವು, ಹಕ್ಕಿ, ಸೂರ್ಯೋದಯ. ಇಷ್ಟು ವರ್ಷದಲ್ಲಿ ಅದರಿಂದ ಯಾರಿಗೂ ಏನೂ ಕೇಡಾಗಿಲ್ಲ.”

ಗುರುಗಳು ಮುಚ್ಚಿಟ್ಟ ಪುಸ್ತಕವನ್ನು ಕೈಗೆತ್ತಿಕೊಂಡರು.

“ಯಾರನ್ನು ಕೇಳಿ ತಿಳಿದೆ?”

ಶಾಂತಲಿಂಗ ಬೆಳಿಗ್ಗೆ ಬಂದಿದ್ದ ಆ ಸಂದೇಶವನ್ನು ಮತ್ತೆ ತೆರೆದ.